ತೀರ್ಪುಗಾರರಿಗೆ ಗೊತ್ತಿಲ್ಲದ ಪದ ತಪ್ಪು ಪದವೇ?

ಮಾನ್ಯ ಸಂಪಾದಕರೇ,

ಕಲಬುರಗಿ ನಗರದಲ್ಲಿ ಈಚೆಗೆ ಪ್ರೌಢಶಾಲೆಯ ಮಕ್ಕಳಿಗಾಗಿ ನಡೆದ ಅಂತರಶಾಲಾ ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟ) ಸ್ಪರ್ಧೆಯಲ್ಲಿ, ಸೇಡಂ ತಾಲ್ಲೂಕಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇಟ್ಟ ಸರಿಯಾದ ಪದವನ್ನು ತಪ್ಪೆಂದು ಸಾರಿ ಹಲಗೆಯ ಮೇಲಿಂದ ತೆಗೆಸಲಾಯಿತು. ಸ್ಪರ್ಧೆ ನಡೆಸಿದವರ ಹೆಸರನ್ನು ನಾನು ಬರೆಯುವುದಿಲ್ಲ. ಅವರು ಉತ್ಸಾಹಿಗಳು. ದೂರದ ಹಳ್ಳಿಗಳಿಂದ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಟ್ಟು, ಬಸ್ಸಿಗೆ ಹತ್ತಿಸಿ ಕಳುಹಿಸಿದವರು. ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಅಂದು ನಡೆದದ್ದು ಅನ್ಯಾಯ. ಇಂಗ್ಲಿಷ್ ಕಲಿಸುವುದನ್ನೇ ಜೀವನದ ಕೆಲಸವಾಗಿ ಮಾಡಿಕೊಂಡು ಬಂದ ನಾನು ಇದನ್ನು ಬರೆಯದೆ ಸುಮ್ಮನಿರಲಾರೆ.

ಆಕೆ ಇಟ್ಟ ಪದ ಮೂರೇ ಅಕ್ಷರದ್ದು: ಇ, ಎಮ್, ಇ. ಉಚ್ಚಾರ ‘ಈಮ್’. ಅರ್ಥ ಮಾವ, ಹಳೆಯ ಬಳಕೆಯಲ್ಲಿ ಮುಖ್ಯವಾಗಿ ತಾಯಿಯ ಅಣ್ಣ ಅಥವಾ ತಮ್ಮ. ಹಲಗೆಯ ಮೇಲೆ ‘ಹ್ಯಾಮ್’ ಎಂಬ ಪದ ಅಡ್ಡಲಾಗಿ ಮೊದಲೇ ಇತ್ತು. ಅದರ ಪ್ರತಿ ಅಕ್ಷರದ ಕೆಳಗೂ ಒಂದೊಂದು ಬಿಲ್ಲೆ ಬರುವಂತೆ ಆಕೆ ಈ ಮೂರನ್ನು ಜೋಡಿಸಿದಳು. ಆಗ ಮೇಲಿನಿಂದ ಕೆಳಕ್ಕೆ ‘ಹೀ’, ‘ಆ್ಯಮ್’, ‘ಮೀ’ ಎಂಬ ಇನ್ನೂ ಮೂರು ಪದಗಳು ಹುಟ್ಟಿದವು. ಬಿಲ್ಲೆಗಳ ಮೇಲಿನ ಬೆಲೆ ಕೂಡಿಸಿದರೆ ‘ಈಮ್’ಗೆ 5, ‘ಹೀ’ಗೆ 5, ‘ಆ್ಯಮ್’ಗೆ 4, ‘ಮೀ’ಗೆ 4. ಹೆಚ್ಚುವರಿ ಅಂಕ ಕೊಡುವ ಬಣ್ಣದ ಮನೆಗಳ ಲೆಕ್ಕ ಹಿಡಿಯದೆಯೇ 18 ಅಂಕ! ಚೀಲದಲ್ಲಿ ಬಿಲ್ಲೆಗಳು ಮುಗಿಯುತ್ತ ಬಂದಿದ್ದ ಹೊತ್ತಿನಲ್ಲಿ, ಕೈಯಲ್ಲಿ ಒಳ್ಳೆಯ ಅಕ್ಷರವೊಂದೂ ಉಳಿಯದಿದ್ದಾಗ, ಇಕ್ಕಟ್ಟಿನ ಜಾಗದಲ್ಲಿ ಇಂಥ ಪದವನ್ನು ಕಾಣುವುದಕ್ಕೆ ಅಭ್ಯಾಸ ಬೇಕು, ಧೈರ್ಯವೂ ಬೇಕು. ಕೊನೆಗೆ ಆಕೆ ಸೋತದ್ದು 11 ಅಂಕಗಳಿಂದ.

ಎದುರಾಳಿ ಹುಡುಗ ಆಕ್ಷೇಪ ಎತ್ತಿದ. ಅದು ಅವನ ಹಕ್ಕು, ಅದರಲ್ಲಿ ತಪ್ಪಿಲ್ಲ. ತೀರ್ಪುಗಾರರು ಮೊದಲು ಶಾಲಾ ಮಕ್ಕಳ ಒಂದು ಚಿಕ್ಕ ನಿಘಂಟನ್ನು ತಿರುವಿದರು. ಅದರಲ್ಲಿ ಸಿಗಲಿಲ್ಲ. ಆಮೇಲೆ ಮೊಬೈಲ್ ತೆಗೆದು ನೋಡಿದರು. ಅದರಲ್ಲಿ ಮೊದಲಿಗೆ ಬಂದದ್ದು ಸೇನೆಯ ಇಎಂಇ, ಅಂದರೆ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್ ವಿಭಾಗ. ಸಿಕಂದರಾಬಾದ್ ನಮಗೆ ದೂರವಲ್ಲ. ಅಲ್ಲಿನ ಇಎಂಇ ಕೇಂದ್ರದ ಹೆಸರು ನಮ್ಮ ಕಡೆ ಬಹಳ ಜನಕ್ಕೆ ಪರಿಚಿತ. “ಇದು ಸಂಕ್ಷಿಪ್ತ ರೂಪ, ಇಂಗ್ಲಿಷ್ ಪದವೇ ಅಲ್ಲ, ನಡೆಯುವುದಿಲ್ಲ” ಎಂದು ತೀರ್ಪು ಕೊಟ್ಟರು. ಬಿಲ್ಲೆಗಳು ಹಲಗೆಯಿಂದ ಆಕೆಯ ಕೈಗೆ ಮರಳಿದವು, ಸರದಿ ಎದುರಾಳಿಗೆ ಹೋಯಿತು.

ಸಂಕ್ಷಿಪ್ತ ರೂಪಗಳು ಈ ಆಟದಲ್ಲಿ ನಡೆಯುವುದಿಲ್ಲ ಎಂಬ ಮಾತು ನಿಜ. ದೊಡ್ಡಕ್ಷರದಿಂದ ಆರಂಭವಾಗುವ ಹೆಸರುಗಳೂ ನಡೆಯುವುದಿಲ್ಲ. ಆದರೆ ಒಂದೇ ಅಕ್ಷರಗಳ ಸಾಲು ಸಂಕ್ಷಿಪ್ತ ರೂಪವೂ ಆಗಿ, ಸ್ವತಂತ್ರ ಪದವೂ ಆಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಇಂಗ್ಲಿಷ್ ಸಂಕ್ಷೇಪದ ಮೂರಕ್ಷರಗಳನ್ನು ನೋಡಿ: ಡಬ್ಲ್ಯು, ಎಚ್, ಒ. ಅವೇ ಮೂರಕ್ಷರ ಸೇರಿದರೆ ‘ಹೂ’, ಅಂದರೆ ‘ಯಾರು’. ಆ ಸಂಸ್ಥೆ ಹುಟ್ಟಿದ್ದಕ್ಕಾಗಿ ‘ಯಾರು’ ಎಂದು ಕೇಳುವ ಪದ ಇಂಗ್ಲಿಷಿನಲ್ಲಿ ಅಳಿದುಹೋಯಿತೇ? ಸೇನೆಯ ವಿಭಾಗವೊಂದಕ್ಕೆ ಅದೇ ಅಕ್ಷರಗಳ ಹೆಸರಿದೆ ಎಂದ ಮಾತ್ರಕ್ಕೆ ಸಾವಿರ ವರ್ಷಕ್ಕೂ ಹಳೆಯದಾದ ಪದವೊಂದು ಪದವಲ್ಲದೆ ಹೋಗುವುದಿಲ್ಲ.

ಆಟ ಮುಗಿದ ಮೇಲೆ ನಾನು ಸಂಘಟಕರ ಬಳಿ ಹೋಗಿ, ಇದು ಜರ್ಮ್ಯಾನಿಕ್ ಮೂಲದ ಹಳೆಯ ಇಂಗ್ಲಿಷ್ ಪದ, ಆಟದ ಅಧಿಕೃತ ಪಟ್ಟಿಯಲ್ಲಿ ಇದೆ ಎಂದು ಹೇಳಿದೆ. ಅದಕ್ಕೆ ಬಂದ ಉತ್ತರ ನನ್ನನ್ನು ಹೆಚ್ಚು ನೋಯಿಸಿತು. “ಜರ್ಮನ್ ಪದವಾದರೆ ಇಂಗ್ಲಿಷ್ ಸ್ಪರ್ಧೆಯಲ್ಲಿ ಹೇಗೆ ನಡೆಯುತ್ತದೆ, ಮೇಡಂ?”

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಹಾಕಿಕೊಂಡಿವೆ. ಪದವೊಂದು ಆಟದಲ್ಲಿ ನಡೆಯುತ್ತದೆಯೇ ಎಂಬುದು ಒಂದು. ಅದು ಎಲ್ಲಿಂದ ಬಂತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡಲು ಎರಡನೆಯದು ಬೇಕಾಗಿಯೇ ಇಲ್ಲ. ಪದಮೂಲದ ಮಾತನ್ನು ನಾನು ಎತ್ತಿದ್ದು ಅದು ಇಂಗ್ಲಿಷ್ ಅಲ್ಲವೆಂದು ಅವರು ಹೇಳಿದ್ದಕ್ಕೆ ಮಾತ್ರ.

ಮೊದಲು ಆಟದ ಮಾತು. ಸ್ಕ್ರ್ಯಾಬಲ್ ಕಂಡುಹಿಡಿದವರು ಅಮೆರಿಕದ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಕುಳಿತಿದ್ದ ಅವರು, ದಿನಪತ್ರಿಕೆಗಳ ಮುಖಪುಟ ಹರಡಿಕೊಂಡು ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆ ಎಂದು ಎಣಿಸಿದರು. ಆ ಎಣಿಕೆಯ ಮೇಲೆ ಬಿಲ್ಲೆಗಳ ಸಂಖ್ಯೆಯೂ ಬೆಲೆಯೂ ನಿಂತವು. ನೂರು ಬಿಲ್ಲೆಗಳಲ್ಲಿ ‘ಇ’ ಹನ್ನೆರಡು, ಒಂದೊಂದಕ್ಕೆ 1 ಅಂಕ. ‘ಎಮ್’ ಎರಡೇ, ಒಂದೊಂದಕ್ಕೆ 3 ಅಂಕ. ಇಂದು ಲೋಕದ ಮೂಲೆಮೂಲೆಯಲ್ಲಿ ಆಡುವ ಆಟ ಪತ್ರಿಕೆಯ ಪುಟದ ಮೇಲೆ ಹುಟ್ಟಿತು ಎಂಬುದು ಪತ್ರಿಕೆ ಓದುವ ನನಗೆ ಯಾವತ್ತೂ ಸಂತೋಷ ಕೊಡುವ ಸಂಗತಿ. ‘ಸ್ಕ್ರ್ಯಾಬಲ್’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಜೇಮ್ಸ್ ಬ್ರೂನೋ ಎಂಬುವರಿಂದ, 1948ರಲ್ಲಿ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ನಾವು ನಿಜಾಮರ ಆಳ್ವಿಕೆಯಿಂದ ಹೊರಬಂದ ವರ್ಷವೂ ಅದೇ.

ಆ ಆಟದ ಪೆಟ್ಟಿಗೆಯೊಳಗೆ ಬರುವ ನಿಯಮದ ಹಾಳೆಯಲ್ಲೇ ಒಂದು ಮಾತಿದೆ: ಆಕ್ಷೇಪ ಬಂದರೆ ಯಾವ ನಿಘಂಟನ್ನು ನೋಡಬೇಕು ಎಂಬುದನ್ನು ಆಟ ಆರಂಭವಾಗುವ ಮೊದಲೇ ಎಲ್ಲರೂ ಒಪ್ಪಿಕೊಳ್ಳಬೇಕು. ಆಟ ಆರಂಭವಾಗುವ ಮೊದಲೇ! ಆಕ್ಷೇಪ ಎದ್ದ ಮೇಲೆ ಕೈಗೆ ಸಿಕ್ಕ ಪುಸ್ತಕ ತಿರುವುವುದಲ್ಲ. ನಮ್ಮ ಸ್ಪರ್ಧೆಯ ಆಹ್ವಾನ ಪತ್ರದಲ್ಲಿ ಶಾಲಾ ಗುರುತಿನ ಚೀಟಿ ತರಬೇಕು, ಸಮವಸ್ತ್ರದಲ್ಲಿ ಬರಬೇಕು, ನೀರಿನ ಬಾಟಲಿ ತರಬೇಕು ಎಂದೆಲ್ಲ ಇತ್ತು. ನಿಘಂಟಿನ ಹೆಸರಿರಲಿಲ್ಲ.

ಜಗತ್ತಿನ ಸ್ಪರ್ಧೆಗಳಲ್ಲಿ ಇದಕ್ಕೆ ನಿಶ್ಚಿತ ವ್ಯವಸ್ಥೆ ಇದೆ. ಅಮೆರಿಕ, ಕೆನಡಾಗಳಲ್ಲಿ ಒಂದು ಪಟ್ಟಿ, ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ ಪದಗಳದ್ದು. ಭಾರತ, ಬ್ರಿಟನ್ ಸೇರಿದಂತೆ ಉಳಿದ ಬಹುತೇಕ ದೇಶಗಳಲ್ಲಿ ಕಾಲಿನ್ಸ್ ಪ್ರಕಟಿಸುವ ಪಟ್ಟಿ, 2 ಲಕ್ಷ 70 ಸಾವಿರಕ್ಕೂ ಹೆಚ್ಚು ಪದಗಳದ್ದು. ‘ಈಮ್’ ಎರಡರಲ್ಲೂ ಇದೆ. ಕೊನೆಗೆ ‘ಎಸ್’ ಹಚ್ಚಿದ ಬಹುವಚನವೂ ಎರಡರಲ್ಲೂ ಇದೆ. ಆಕ್ಷೇಪ ಬಂದಾಗ ಅಲ್ಲಿನ ತೀರ್ಪುಗಾರರು ಪದದ ಅರ್ಥ ಕೇಳುವುದಿಲ್ಲ, ಆಟಗಾರರಿಗೆ ಹೇಳುವುದೂ ಇಲ್ಲ. ಪಟ್ಟಿಯಲ್ಲಿ ಇದ್ದರೆ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಸುಳ್ಳು ಆಕ್ಷೇಪಕ್ಕೆ ಕೆಲವೆಡೆ ಸರದಿ ಹೋಗುತ್ತದೆ, ಕೆಲವೆಡೆ ಐದು ಅಂಕ ಹೋಗುತ್ತದೆ. ತೀರ್ಪುಗಾರರ ಸ್ವಂತ ಶಬ್ದಸಂಪತ್ತಿಗೆ ಈ ವ್ಯವಸ್ಥೆಯಲ್ಲಿ ಜಾಗವೇ ಇಲ್ಲ, ಇರಲೂಬಾರದು.

ಅರ್ಥ ತಿಳಿಯದೆ ಆಡುವುದು ಸರಿಯೇ ಎಂದು ಕೇಳುವವರಿದ್ದಾರೆ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಚಾಂಪಿಯನ್ ಆದರು. ಅವರಿಗೆ ಫ್ರೆಂಚ್ ಮಾತನಾಡಲು ಬರುತ್ತಿರಲಿಲ್ಲ. ಪಟ್ಟಿಯನ್ನು ಬಾಯಿಪಾಠ ಮಾಡಿದ್ದರು. 2024ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲೂ ಹಾಗೆಯೇ ಗೆದ್ದರು. ಆಟದ ದೃಷ್ಟಿಯಿಂದ ಅದು ಪೂರ್ತಿ ನ್ಯಾಯವಾದ ಗೆಲುವು. ಶಿಕ್ಷಕಿಯಾಗಿ ನನಗೆ ಮಾತ್ರ ಮಕ್ಕಳು ಅರ್ಥ ತಿಳಿದೇ ಕಲಿಯಲಿ ಎಂಬ ಆಸೆ. ಸೇಡಂನ ನನ್ನ ಮನೆಯ ಪಡಸಾಲೆಯಲ್ಲಿ ಸಂಜೆ ಹಲಗೆ ಹಾಕಿಕೊಂಡು ಕೂರುವ ಮಕ್ಕಳೆಲ್ಲರೂ ಒಂದೊಂದು ನೋಟ್‌ಬುಕ್ ಇಟ್ಟಿದ್ದಾರೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದಲ್ಲಿ ಅರ್ಥ. ಈ ಹುಡುಗಿಯ ತಂದೆ ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿಯುವವರು, ತಾಯಿ ತೊಗರಿ ಹೊಲದ ಕೂಲಿಗೆ ಹೋಗುವವರು. ಆಕೆಯ ನೋಟ್‌ಬುಕ್ಕಿನಲ್ಲಿ ‘ಈಮ್’ ಎದುರಿಗೆ ‘ಮಾಮಾ’ ಎಂದು ಬರೆದಿದೆ. ಆಕೆ ಗೊತ್ತಿಲ್ಲದೆ ಬಿಲ್ಲೆ ಎಸೆದವಳಲ್ಲ.

ಈಗ ಎರಡನೆಯ ಪ್ರಶ್ನೆ. ಜರ್ಮ್ಯಾನಿಕ್ ಎಂದರೆ ಜರ್ಮನ್ ಅಲ್ಲ. ಕನ್ನಡ ತೆಲುಗಿನಿಂದ ಹುಟ್ಟಿಲ್ಲ, ತೆಲುಗು ಕನ್ನಡದಿಂದ ಹುಟ್ಟಿಲ್ಲ, ಎರಡೂ ದ್ರಾವಿಡ ಬಳಗದವು ಎಂಬುದು ತಾಂಡೂರಿಗೂ ಸೇಡಂಗೂ ನಿತ್ಯ ಓಡಾಡುವ ನಮ್ಮ ಕಡೆಯ ಜನಕ್ಕೆ ಬೇಗ ಅರ್ಥವಾಗುತ್ತದೆ. ನಮ್ಮ ‘ಮೂರು’ ಅವರ ‘ಮೂಡು’; ಯಾರೂ ಯಾರಿಂದಲೂ ಸಾಲ ತಂದದ್ದಲ್ಲ. ಇಂಗ್ಲಿಷ್, ಜರ್ಮನ್, ಡಚ್, ಫ್ರೀಸಿಯನ್, ಸ್ವೀಡಿಷ್ ಎಲ್ಲವೂ ಹಾಗೆಯೇ ಒಂದು ಬಳಗ, ಅದರ ಹೆಸರು ಜರ್ಮ್ಯಾನಿಕ್. ಐದನೆಯ ಶತಮಾನದಲ್ಲಿ ಆಂಗ್ಲರು, ಸ್ಯಾಕ್ಸನರು, ಜ್ಯೂಟರು ಸಮುದ್ರ ದಾಟಿ ಬ್ರಿಟನ್ನಿಗೆ ಬಂದಾಗ ತಂದ ಮಾತೇ ಇಂಗ್ಲಿಷಿನ ಬೇರು. ‘ಫಾದರ್’, ‘ಮದರ್’, ‘ಹೌಸ್’, ‘ವಾಟರ್’ ಎಲ್ಲವೂ ಜರ್ಮ್ಯಾನಿಕ್ ಮೂಲದವೇ. ಆ ಕಾರಣಕ್ಕೆ ‘ಈಮ್’ ಹೊರಗಿನದೆಂದರೆ ‘ಮದರ್’ ಕೂಡ ಹೊರಗಿನದಾಗಬೇಕಾಗುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಏಅಮ್’. ಹಳೆಯ ಫ್ರೀಸಿಯನ್‌ನಲ್ಲಿ ‘ಏಮ್’, ಡಚ್ಚಿನಲ್ಲಿ ‘ಓಮ್’, ಜರ್ಮನ್‌ನಲ್ಲಿ ‘ಓಹೈಮ್’. ಈ ಎಲ್ಲ ರೂಪಗಳನ್ನು ಅಕ್ಕಪಕ್ಕ ಇಟ್ಟು, ಹಿಂದಿನ ಒಂದೇ ಮೂಲರೂಪ ಎರಡು ಭಾಗಗಳಿಂದ ಆಗಿದ್ದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಮೊದಲ ಭಾಗ ಅಜ್ಜ ಎಂಬ ಅರ್ಥದ್ದು. ಎರಡನೆಯದು ಮನೆ ಎಂಬ ಅರ್ಥದ್ದು, ಇಂದಿನ ‘ಹೋಮ್’ ಪದದ ಬಂಧು. ಅಜ್ಜನ ಮನೆಯಲ್ಲಿ ಇರುವವನು ಎಂದಾಯಿತು. ಬೇಸಿಗೆ ರಜೆ ಬಂದೊಡನೆ ಮುತ್ಯಾನ ಊರಿಗೆ ಹೊರಡುವ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಮುತ್ಯಾನ ಮನೆಯಲ್ಲಿ ಸಿಗುವವನು ಮಾಮಾ, ಅಷ್ಟೇ.

ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರಲ್ಲಿ ಜರ್ಮ್ಯಾನಿಕ್ ಬುಡಕಟ್ಟುಗಳ ಬಗ್ಗೆ ಬರೆಯುತ್ತ, ಸೋದರಿಯ ಮಕ್ಕಳಿಗೆ ತಂದೆಯ ಬಳಿ ಇರುವಷ್ಟೇ ಮಾನ ಸೋದರಮಾವನ ಬಳಿಯೂ ಇದೆ ಎನ್ನುತ್ತಾನೆ. ಒತ್ತೆಯಾಳುಗಳನ್ನು ಕೇಳುವಾಗ ಮಗನಿಗಿಂತ ಸೋದರಳಿಯನನ್ನೇ ಕೇಳುವವರೂ ಇದ್ದರಂತೆ, ಆ ಬಂಧ ಅಷ್ಟು ಗಟ್ಟಿ ಎಂದು. ಹಳೆಯ ಇಂಗ್ಲಿಷಿನ ‘ಬಿಯೊವುಲ್ಫ್’ ಕಾವ್ಯದಲ್ಲಿ ಸಿಗೆಮುಂಡ್ ಮತ್ತು ಅವನ ಸೋದರಳಿಯ ಫಿಟೆಲಾ ಯುದ್ಧದಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತದ್ದನ್ನು ಹೇಳುವಾಗ ಇದೇ ‘ಏಅಮ್’ ಪದ ಬರುತ್ತದೆ. ಹದಿನಾಲ್ಕನೆಯ ಶತಮಾನದ ಚಾಸರ್ ಕವಿ ಟ್ರಾಯ್ಲಸನ ಕಥೆಯಲ್ಲಿ ಕ್ರಿಸೈಡಳ ಮಾವ ಪ್ಯಾಂಡರಸ್‌ನನ್ನು ಕರೆಯುವುದೂ ಇದೇ ಪದದಿಂದ. ಸ್ಕಾಟ್ಲೆಂಡಿನಲ್ಲಿ ಇನ್ನೂ ಹೆಚ್ಚು ಕಾಲ ಉಳಿಯಿತು. ಎಡಿನ್‌ಬರೋದಲ್ಲಿ ಪ್ರಕಟವಾಗುತ್ತಿದ್ದ ಚೇಂಬರ್ಸ್ ನಿಘಂಟು ಬ್ರಿಟನ್ನಿನ ಸ್ಕ್ರ್ಯಾಬಲ್ ಆಟಕ್ಕೆ ಬಹುಕಾಲ ಆಧಾರವಾಗಿದ್ದರಿಂದ ಸ್ಕಾಟ್ ಪದಗಳು ಆಟದ ಪಟ್ಟಿಯಲ್ಲಿ ಧಾರಾಳವಾಗಿವೆ. ಇಂಗ್ಲಿಷರ ‘ಈಮ್ಸ್’ ಎಂಬ ಮನೆತನದ ಹೆಸರಿನಲ್ಲೂ ಇದೇ ಮಾವ ಇದ್ದಾನೆ. ಭಾರತ ಸರ್ಕಾರದ ಕರೆಯ ಮೇಲೆ ಬಂದು 1958ರಲ್ಲಿ ವರದಿ ಕೊಟ್ಟ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರನ್ನು ಕೆಲವರಾದರೂ ಬಲ್ಲರು. ನಮ್ಮ ಹಿತ್ತಾಳೆಯ ತಂಬಿಗೆಯ ಆಕಾರವನ್ನು ಆ ವರದಿಯಲ್ಲಿ ಮನಸಾರೆ ಹೊಗಳಿದವರು ಅವರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಆ ವರದಿಯಿಂದ.

ಹಾಗಾದರೆ ಇಷ್ಟು ಗಟ್ಟಿಯಾದ ಪದ ಎಲ್ಲಿ ಹೋಯಿತು? ಅದರ ಜಾಗಕ್ಕೆ ‘ಅಂಕಲ್’ ಬಂತು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ ಮಾತು, ನ್ಯಾಯಾಲಯದ ಮಾತು ಫ್ರೆಂಚ್ ಆಯಿತು. ಸುಮಾರು 1300ರ ಹೊತ್ತಿಗೆ ‘ಅಂಕಲ್’ ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸುತ್ತದೆ. ‘ಆಂಟ್’, ‘ನೆಫ್ಯೂ’, ‘ನೀಸ್’, ‘ಕಸಿನ್’ ಎಲ್ಲವೂ ಫ್ರೆಂಚಿನಿಂದ ಬಂದವೇ. ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಗ, ಮಗಳು ಎಂಬ ಪದಗಳನ್ನು ಮಾತ್ರ ಇಂಗ್ಲಿಷ್ ಬಿಟ್ಟುಕೊಡಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ತಾಯಿಯ ಸೋದರನಿಗೆ ‘ಏಅಮ್’ ಇದ್ದಂತೆ ತಂದೆಯ ಸೋದರನಿಗೆ ‘ಫೆಡೆರಾ’ ಎಂಬ ಬೇರೆ ಪದವೇ ಇತ್ತು. ಅದೂ ಹೋಯಿತು. ಜರ್ಮನ್ನರಲ್ಲೂ ಈಗ ಓಹೈಮ್ ಹಳೆಯ ಪುಸ್ತಕಗಳ ಪದ, ಮನೆಯಲ್ಲಿ ಕರೆಯುವುದು ಫ್ರೆಂಚಿನಿಂದ ಬಂದ ‘ಓಂಕೆಲ್’. ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ‘ಅಂಕಲ್’ನ ಲ್ಯಾಟಿನ್ ಮೂಲ ‘ಅವುಂಕುಲುಸ್’. ಅದರ ಅರ್ಥವೂ ಮೊದಲಿಗೆ ತಾಯಿಯ ಸೋದರನೇ, ಅಕ್ಷರಶಃ ಚಿಕ್ಕ ಅಜ್ಜ. ಅದರೊಳಗೆ ಅಜ್ಜ ಎಂಬ ಅರ್ಥದ ‘ಅವುಸ್’ ಇದೆ. ‘ಈಮ್’ ಪದದ ಮೊದಲ ಭಾಗವೂ ಅದೇ ಬೇರಿನದು. ಅಂದರೆ ಹಳಬನನ್ನು ಹೊರಹಾಕಿದ ಹೊಸಬ ಬೇರೆ ಯಾರೂ ಅಲ್ಲ, ಬಹಳ ಹಿಂದೆ ಬೇರೆಯಾದ ದಾಯಾದಿ!

ನಮ್ಮ ಮಳಖೇಡದಲ್ಲಿ ನೃಪತುಂಗ ಅಮೋಘವರ್ಷ ಆಳುತ್ತಿದ್ದಾಗಲೇ, 871ರಲ್ಲಿ, ಇಂಗ್ಲೆಂಡಿನ ವೆಸೆಕ್ಸ್‌ನಲ್ಲಿ ಆಲ್‌ಫ್ರೆಡ್ ಪಟ್ಟಕ್ಕೆ ಬಂದ. ಕಾಗಿಣಾ ದಂಡೆಯ ಆಸ್ಥಾನದಲ್ಲಿ ಕವಿರಾಜಮಾರ್ಗ ಕನ್ನಡದ ಗಡಿಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುತ್ತಿದ್ದ ಕಾಲಕ್ಕೆ ಆ ದೇಶದ ಮಕ್ಕಳು ಸೋದರಮಾವನನ್ನು ಕರೆಯುತ್ತಿದ್ದ ಪದ ಇದು. ಇದನ್ನು ಇಂಗ್ಲಿಷ್ ಅಲ್ಲವೆಂದು ಕಲಬುರಗಿಯಲ್ಲಿ ಕುಳಿತು ತೀರ್ಮಾನಿಸಿಬಿಟ್ಟೆವು. ಆ ಮೇಜಿನ ಮೇಲೆ ‘ಅಂಕಲ್’ ಬಂದಿದ್ದರೆ ಯಾರೂ ಆಕ್ಷೇಪ ಎತ್ತುತ್ತಿರಲಿಲ್ಲ. ಎರಡರಲ್ಲಿ ಹೊರಗಿನಿಂದ ಬಂದದ್ದು ಅದು.

ಅದೇ ‘ಅಂಕಲ್’ ಇಂದು ನಮ್ಮ ಮನೆಗಳಿಗೂ ಬಂದಿದೆ. ಕಲಬುರಗಿಯಲ್ಲಿ ಕನ್ನಡದವರಿಗೆ ಕಾಕಾ ಬೇರೆ, ಮಾಮಾ ಬೇರೆ. ಉರ್ದು ಮಾತನಾಡುವ ನೆರೆಯವರಿಗೆ ಚಾಚಾ ಬೇರೆ, ಮಾಮೂ ಬೇರೆ. ತೆಲುಗರಿಗೆ ಬಾಬಾಯಿ ಬೇರೆ, ಮೇನಮಾಮ ಬೇರೆ. ಮರಾಠಿಯಲ್ಲೂ ಹಾಗೆಯೇ. ಇಲ್ಲಿನ ನಾಲ್ಕು ಭಾಷೆಗಳೂ ತಂದೆಯ ಕಡೆ, ತಾಯಿಯ ಕಡೆ ಎಂದು ಬೇರೆ ಮಾಡಿ ಕರೆಯುತ್ತವೆ. ಜವಳ ತೆಗೆಸುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಸೋದರಮಾವ, ಕಾಕಾ ಅಲ್ಲ. ಸೂಪರ್ ಮಾರ್ಕೆಟ್ಟಿನ ಅಂಗಡಿಯಲ್ಲಿ, ಆಟೋದಲ್ಲಿ, ಶಾಲೆಯ ಗೇಟಿನ ಬಳಿ ಈಗ ಎಲ್ಲರೂ ಅಂಕಲ್. ಅಪರಿಚಿತರಿಗೆ ಅದು ಸರಿಹೋಗಬಹುದು. ತಾಯಿಯ ತಮ್ಮನನ್ನೂ ಅಂಕಲ್ ಎನ್ನುವ ಮಕ್ಕಳನ್ನು ನೋಡಿದಾಗ, ಇಂಗ್ಲೆಂಡಿನಲ್ಲಿ ಏಳುನೂರು ವರ್ಷಗಳ ಹಿಂದೆ ಆದದ್ದು ನಮ್ಮ ಅಂಗಳದಲ್ಲಿ ಆಗುತ್ತಿದೆ ಎಂದು ನನಗೆ ಕಳವಳವಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆ ದಿನ ಸಭಾಂಗಣದಲ್ಲಿ ನನ್ನ ಪರವಾಗಿ ಮಾತನಾಡಿದ ಹಿರಿಯರೊಬ್ಬರು “ನಮ್ಮ ಮಾಮಾ ಪದವೇ ಅಲ್ಲಿಗೆ ಹೋಗಿ ಈಮ್ ಆಗಿದೆ” ಎಂದರು. ಪ್ರೀತಿಯಿಂದ ಹೇಳಿದ ಮಾತು, ಆದರೆ ಸರಿಯಲ್ಲ. ಎರಡರಲ್ಲೂ ‘ಮ’ಕಾರ ಇದೆ ಎಂಬುದು ಬಿಟ್ಟರೆ ಇವಕ್ಕೆ ಸಂಬಂಧವಿಲ್ಲ. ಮಗುವಿನ ಬಾಯಿಗೆ ಮೊದಲು ಒದಗುವ ಮಕಾರದ ಪದಗಳು ಲೋಕದ ಎಷ್ಟೋ ಭಾಷೆಗಳಲ್ಲಿ ತಾವಾಗಿಯೇ ಹುಟ್ಟಿವೆ. ಡಚ್ಚರ ‘ಓಮ್’ಗೂ ನಮ್ಮ ಓಂಕಾರಕ್ಕೂ ಅಷ್ಟೇ, ಯಾವ ನಂಟೂ ಇಲ್ಲ. ಒಂದೇ ಸದ್ದು ಕೇಳಿದೊಡನೆ ನಂಟು ಕಟ್ಟುವ ಅಭ್ಯಾಸ ನಮ್ಮ ಮಕ್ಕಳಿಗೆ ಬರಬಾರದು. ಪದಗಳ ನಂಟನ್ನು ಹಳೆಯ ದಾಖಲೆಯಿಂದ, ಕ್ರಮಬದ್ಧವಾದ ಧ್ವನಿ ಬದಲಾವಣೆಯಿಂದ ತೋರಿಸಬೇಕು. ‘ಈಮ್’ ವಿಷಯದಲ್ಲಿ ಹಾಗೆ ತೋರಿಸಲು ಬರುತ್ತದೆ, ಅದಕ್ಕೇ ಇಷ್ಟು ಧೈರ್ಯದಿಂದ ಬರೆಯುತ್ತಿದ್ದೇನೆ.

ಇದು ಇಂಗ್ಲಿಷ್ ಆಟದ ತಕರಾರು ಮಾತ್ರವಾಗಿದ್ದರೆ ನಾನು ಸಂಘಟಕರಿಗೆ ಪತ್ರ ಬರೆದು ಸುಮ್ಮನಾಗುತ್ತಿದ್ದೆ. ಕನ್ನಡದ ಸ್ಪರ್ಧೆಗಳಲ್ಲೂ ಇದೇ ನಡೆಯುತ್ತಿದೆ. ಕೆಲವು ವರ್ಷಗಳ ಹಿಂದೆ ರಾಜ್ಯೋತ್ಸವದ ಅಂಗವಾಗಿ ನಡೆದ ಕನ್ನಡ ಪದ ಕಟ್ಟುವ ಸ್ಪರ್ಧೆಯೊಂದರಲ್ಲಿ ಮಗುವೊಂದು ‘ಮುತ್ಯಾ’ ಎಂದು ಬರೆದಾಗ, ಬೇರೆ ಕಡೆಯಿಂದ ಬಂದಿದ್ದ ತೀರ್ಪುಗಾರರು ಅದನ್ನು ಹೊಡೆದುಹಾಕಿ ‘ಅಜ್ಜ ಅಥವಾ ತಾತ ಎಂದಿರಬೇಕಿತ್ತು’ ಎಂದು ಪಕ್ಕದಲ್ಲಿ ಬರೆದರು. ಆ ಉತ್ತರಪತ್ರಿಕೆಯನ್ನು ನಾನೇ ನೋಡಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಲಕ್ಷಾಂತರ ಮಕ್ಕಳು ದಿನವೂ ಕರೆಯುವ ಪದ ಅದು. ಮಗುವಿಗೆ ಮನೆಯಲ್ಲಿ ಕಲಿತ ಮಾತು ತಪ್ಪೆಂದು ಶಾಲೆಯಲ್ಲಿ ಹೇಳಿದರೆ, ಅದು ಮುಂದೆ ಬಾಯಿ ತೆರೆಯಲು ಹಿಂಜರಿಯುತ್ತದೆ. ನಮ್ಮ ಭಾಗದ ಮಕ್ಕಳು ಬೆಂಗಳೂರಿಗೆ ಹೋದಾಗ ತಮ್ಮ ಮಾತಿಗೆ ನಾಚಿಕೊಳ್ಳುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಇಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಅವರನ್ನು ನೆನೆಯಬೇಕು. 1832ರಲ್ಲಿ ಜರ್ಮನಿಯ ಉತ್ತರ ಕರಾವಳಿಯ ಪೂರ್ವ ಫ್ರೀಸಿಯಾದಲ್ಲಿ ಹುಟ್ಟಿದವರು; ಇಂಗ್ಲಿ‌ಷಿಗೆ ತೀರ ಹತ್ತಿರದ ಬಂಧುವಾದ ಫ್ರೀಸಿಯನ್ ಒಂದು ಕಾಲಕ್ಕೆ ಆ ನೆಲದ ಮಾತಾಗಿತ್ತು. ಅಲ್ಲಿಂದ ಬಂದ ಈ ಮಿಷನರಿ ಜೀವಮಾನವಿಡೀ ದುಡಿದು 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ ನಿಘಂಟನ್ನು ಮಂಗಳೂರಿನಿಂದ ಹೊರತಂದರು. ಅವರು ಕಾವ್ಯದ ಪದಗಳನ್ನಷ್ಟೇ ಹಿಡಿಯಲಿಲ್ಲ. ಆಡುಮಾತನ್ನೂ ಗಾದೆಗಳನ್ನೂ ಸೇರಿಸಿದರು, ಮೈಸೂರಿನ ಕಡೆಯ ಬಳಕೆ ಯಾವುದು, ಧಾರವಾಡದ ಕಡೆಯ ಬಳಕೆ ಯಾವುದು ಎಂದು ಗುರುತು ಹಾಕಿದರು. ತಾವು ಕೇಳಿರದ ಪದ ಕಿವಿಗೆ ಬಿದ್ದಾಗ ಅದನ್ನು ಹೊಡೆದುಹಾಕದೆ ಬರೆದುಕೊಂಡ ಮನುಷ್ಯ. ನಮ್ಮ ತೀರ್ಪುಗಾರರಿಂದ ನಾನು ಬಯಸುವುದು ಆ ಮನೋಭಾವವನ್ನು.

ಪಟ್ಟಿಗಳು ಪವಿತ್ರ ಎಂದು ನಾನು ಹೇಳುತ್ತಿಲ್ಲ. ಅವನ್ನು ಮಾಡಿದವರೂ ಮನುಷ್ಯರೇ. ಜನಾಂಗ ನಿಂದನೆಯಂಥ ಸುಮಾರು 400 ಪದಗಳನ್ನು 2021ರಲ್ಲಿ ಸ್ಕ್ರ್ಯಾಬಲ್ ಪಟ್ಟಿಯಿಂದ ತೆಗೆದರು. ಆಟಗಾರರಲ್ಲಿ ದೊಡ್ಡ ಚರ್ಚೆಯೇ ಆಯಿತು. ತೆಗೆಯಲಿ, ಸೇರಿಸಲಿ. ಮೊದಲೇ ಎಲ್ಲರಿಗೂ ತಿಳಿಸಿ ಮಾಡಲಿ. ಆಟದ ನಡುವೆ, ಒಂದು ಮಗು ಬಿಲ್ಲೆ ಇಟ್ಟ ಮೇಲೆ ಮಾಡಬಾರದು.

ಆದ್ದರಿಂದ ಸ್ಪರ್ಧೆ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟು. ಯಾವ ನಿಘಂಟು, ಯಾವ ವರ್ಷದ ಆವೃತ್ತಿ ಎಂಬುದನ್ನು ಆಹ್ವಾನ ಪತ್ರದಲ್ಲೇ ಬರೆಯಿರಿ. ಅದರ ಒಂದು ಪ್ರತಿ ತೀರ್ಪುಗಾರರ ಮೇಜಿನ ಮೇಲಿರಲಿ. ಕಾಲಿನ್ಸ್ ಪಟ್ಟಿ ದುಬಾರಿಯಾದರೆ ಚಿಕ್ಕ ಶಾಲಾ ನಿಘಂಟನ್ನೇ ಆಧಾರವಾಗಿಡಿ, ನನ್ನ ತಕರಾರಿಲ್ಲ, ಮಕ್ಕಳಿಗೆ ಒಂದು ತಿಂಗಳು ಮುಂಚೆ ಹೇಳಿ. ಅವರು ಅದನ್ನೇ ಓದಿಕೊಂಡು ಬರುತ್ತಾರೆ. ಸುಳ್ಳು ಆಕ್ಷೇಪಕ್ಕೆ ಏನು ದಂಡ ಎಂಬುದೂ ಮೊದಲೇ ಗೊತ್ತಿರಲಿ. ಕನ್ನಡದ ಸ್ಪರ್ಧೆಗಳಿಗೆ ತೀರ್ಪುಗಾರರಾಗಿ ಈ ಭಾಗದ ಮಾತು ಬಲ್ಲ ಒಬ್ಬರಾದರೂ ಇರಲಿ.

ಫಲಿತಾಂಶ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಗೆದ್ದ ಹುಡುಗನೂ ಚೆನ್ನಾಗಿಯೇ ಆಡಿದ, ಅವನ ಕೈಯಿಂದ ಕಪ್ ಕಿತ್ತುಕೊಳ್ಳುವುದು ಇನ್ನೊಂದು ಅನ್ಯಾಯ. ಆ ಹುಡುಗಿ ಇಟ್ಟ ಪದ ಸರಿಯಾಗಿತ್ತು ಎಂದು ಸಂಘಟಕರು ಎರಡು ಸಾಲು ಬರೆದು, ಸಹಿ ಹಾಕಿ, ಆಕೆಯ ಶಾಲೆಗೆ ಕಳುಹಿಸಿದರೆ ಸಾಕು. ಆಕೆ ಈಗ ನೋಟ್‌ಬುಕ್ಕಿನಲ್ಲಿ ಆ ಪದದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಿದ್ದಾಳೆ. ನಾನು ಹೇಳಿದರೂ ಅಳಿಸಿಲ್ಲ. ತೀರ್ಪುಗಾರರು ಹೇಳಿದ್ದಾರಲ್ಲ ಎನ್ನುತ್ತಾಳೆ.

ತಮ್ಮಲ್ಲಿಯೂ ಒಂದು ಕೋರಿಕೆ ಇದೆ, ಸಂಪಾದಕರೇ. ಪದಸ್ಪರ್ಧೆ, ಕಾಗುಣಿತ ಸ್ಪರ್ಧೆಗಳ ಪ್ರಕಟಣೆಗಳು ತಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತವೆ. ಸ್ಥಳ, ಸಮಯ, ಪ್ರವೇಶ ಶುಲ್ಕದ ಜೊತೆಗೆ ‘ಆಧಾರ ನಿಘಂಟು’ ಎಂಬ ಒಂದು ಸಾಲು ಇಲ್ಲದ ಪ್ರಕಟಣೆ ಬಂದರೆ, ಅಚ್ಚಿಗೆ ಕಳುಹಿಸುವ ಮೊದಲು ಸಂಘಟಕರಿಗೆ ಫೋನ್ ಮಾಡಿ ಆ ಸಾಲನ್ನು ಕೇಳಿ ಸೇರಿಸಿಕೊಳ್ಳಬೇಕು.

ಇಂತಿ,
ನಿವೃತ್ತ ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕಿ
ಸೇಡಂ, ಕಲಬುರಗಿ ಜಿಲ್ಲೆ